ವಾರದ ದಿನದ ದಿಲ್ಲಿ ಟಿಕೆಟ್

ಮೇ 18, ಭಾನುವಾರ

ಬಟ್ಟೆ ಒಗೆದದ್ದಾಯಿತು. ಟಿಕೆಟ್ಟೂ ಬುಕ್ ಆಯಿತು. ಜುಲೈ 11, ಶುಕ್ರವಾರ ಸಂಜೆ, ಬೆಳಗಾವಿಯಿಂದ ನಿಜಾಮುದ್ದೀನ್. ನಾನು, ಅವ್ವ. ಇಬ್ಬರದೂ ಕನ್ಫರ್ಮ್.

ಆಫೀಸಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ — ವಯಸ್ಸಾದವರನ್ನು ದಿಲ್ಲಿಗೆ ಯಾಕೆ, ಕಾಶಿಗೆ ಕರೆದೊಯ್ಯಬಾರದೇ? ಅವ್ವ ಕೇಳಿದ್ದು ದಿಲ್ಲಿಯನ್ನೇ, ನಾನೇನು ಮಾಡಲಿ. ಎಮ್ಮೆ ಮೇಯಿಸುತ್ತಾ, ನಮ್ಮೂರು ಗುಂಜಿಯ ಸ್ಟೇಷನ್ನಿನಲ್ಲಿ ನೇರಳೆ ಹಣ್ಣು ಮಾರುತ್ತಾ ದಿನಾ ಆ ದಿಲ್ಲಿ ಗಾಡಿ ನೋಡಿದವಳು. ಅದು ಗುಂಜಿಯಲ್ಲಿ ನಿಲ್ಲುವುದೇ ಇಲ್ಲ. "ಇಷ್ಟ ಅವಸರ ಮಾಡಿ ಎಲ್ಲಿಗಿ ಹೊಕ್ಕೈತಿ ಅದು? ಒಮ್ಮೆ ನೋಡೂಣು," ಅಂದಳು. ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಬಂದ ದಿನವೇ ಅಂದದ್ದು.

ಮೇ 25, ಗುಂಜಿ

ಕಾಚಬಿಂದು, ಅಂದರೆ ಗ್ಲಾಕೋಮಾ. ಅವ್ವನ ಎರಡೂ ಕಣ್ಣಿಗೆ. ಅಕ್ಕಪಕ್ಕದ ನೋಟ ಹೋಗಿದೆ, ನಡುವಿನದು ಸ್ವಲ್ಪ ಉಳಿದಿದೆ. ಔಷಧ ಹಾಕಿದರೂ ಅದು ವರ್ಷ ಉಳಿಯುವುದು ಕಷ್ಟವಂತೆ. "ಊದುಗೊಳವಿ ಒಳಗಿಂದ ನೋಡಿದಂಗ ಆಗೈತಿ," ಅಂತಾಳೆ ಅವ್ವ. ಅದನ್ನೂ ನಗುತ್ತಾ ಅಂತಾಳೆ. ನನಗೆ ಸಿಟ್ಟು. ಮೊದಲೇ ಬಾಯಿ ಬಿಡಬಾರದಿತ್ತೇ.

ಊರ ನೀರಿನ ಟಾಕಿಯ ಮುಂದೆ ನಿಲ್ಲಿಸಿ, ಕುತುಬ್ ಮಿನಾರ್ ಇದಕ್ಕಿಂತ ಎಷ್ಟೋ ಪಟ್ಟು ಎತ್ತರ ಅಂದೆ. ಬುಡ ನೋಡಿದಳು. ತುದಿ ನೋಡಿದಳು. ಎರಡೂ ಒಟ್ಟಿಗೆ ಕಾಣಲಿಲ್ಲ. "ತುಣುಕ ತುಣುಕ ನೋಡತೇನಿ ಬಿಡ. ಊಟಾ ಒಂದ ತುತ್ತಿನ್ಯಾಗ ಮಾಡತೀವೇನು?"

ಜೂನ್ 14

ಕೆಂಪು ಕೋಟೆ ಸೋಮವಾರ ಬಂದ್. ಹಾಗಾದರೆ ಸೋಮವಾರ ಹುಮಾಯೂನನ ಗೋರಿ. ಚಾಂದನಿ ಚೌಕ ಬೆಳಿಗ್ಗೆಯೇ ಮುಗಿಸಬೇಕು. ಮೆಟ್ಟಿಲು ಎಲ್ಲೆಲ್ಲಿ, ನೆರಳು ಎಲ್ಲೆಲ್ಲಿ — ಯೂಟ್ಯೂಬ್ ನೋಡಿ ಬರೆದುಕೊಂಡೆ.

ಅವ್ವನ ಫೋನ್: "ದಿಲ್ಲಿಗಿ ಹಳಿ ಮುಗೀತಾವೇನು, ಇಲ್ಲಾ ಗಾಡಿ ಅಷ್ಟ ನಿಲ್ಲತೈತೋ?" ಗೊತ್ತಿಲ್ಲ. ಖರೇ ಅಂದರೆ ನಾನೂ ಪುಣೆ ದಾಟಿದವಳಲ್ಲ.

ಜುಲೈ 6

ಊರಿನಿಂದ ನಮ್ಮಣ್ಣ ಸಾತಪ್ಪನ ಫೋನ್. ಊರಲ್ಲಿ ವಾರ ಹಿಡಿದಿದ್ದಾರೆ. ಆಷಾಢ ಮುಗಿಯುವತನಕ ಮಂಗಳವಾರ, ಶುಕ್ರವಾರ ಊರ ದೇವಿಯ ಹೆಸರಿನಲ್ಲಿ ಹೊಲದ ಕೆಲಸ ಬಂದ್, ಸೀಮೆ ದಾಟುವುದೂ ಬಂದ್. ಆ ದಿನ ಎಲ್ಲಿ ಬೆಳಗಾಯಿತೋ ಮರುದಿನ ಬೆಳಗಾಗುವತನಕ ಅಲ್ಲೇ.

ನಾನು ಅದೇ ಊರಲ್ಲಿ ಬೆಳೆದವಳು. ಬುಕ್ ಮಾಡುವಾಗ ಆಷಾಢದ ಶುಕ್ರವಾರ ಅಂತ ಹೊಳೆಯಲೇ ಇಲ್ಲ. ತಲೆ ಎಲ್ಲಿಟ್ಟಿದ್ದೆನೋ.

ಬೇರೆ ದಿನ ನೋಡಿದೆ. ಎಲ್ಲಾ ವೇಟಿಂಗ್. ಮತ್ತೆ ರಜೆ ಸಿಗುವುದು ದೀಪಾವಳಿಗೆ. ಅಷ್ಟು ಹೊತ್ತಿಗೆ ಆ ಕಣ್ಣು...

ಅವ್ವನಿಗೆ ಬೈದೆ. ದೇವಿಗೆ ನಿನ್ನ ಕಣ್ಣಿನ ಚಿಂತೆ ಇಲ್ಲ, ನಿನಗೆ ಮಾತ್ರ ಅವಳ ಚಿಂತೆ, ಅಂದೆ. "ನಾ ಸೀಮಿ ದಾಟಿದ್ರ ನಾಳಿ ಯಾರ ಎಮ್ಮಿ ಸತ್ರೂ ನನ್ನ ಹೆಸರ ಬರತೈತಿ, ರೂಪಾ," ಅಂದಳು. ಅದೂ ಖರೇ.

ಕಡೆಗೆ ಅಣ್ಣನೇ ದಾರಿ ತೆಗೆದ. ಗುರುವಾರವೇ ಅವ್ವನನ್ನು ಕರೆತಂದು ಬೆಳಗಾವಿಯ ವಡಗಾವಿಯಲ್ಲಿ ನಾನಿರುವ ಬಾಡಿಗೆ ಖೋಲಿಯಲ್ಲಿ ಬಿಡುತ್ತಾನೆ. ಶುಕ್ರವಾರ ಗುಂಜಿಯ ಮಾತೇ ಬರುವುದಿಲ್ಲ.

ಜುಲೈ 10, ಗುರುವಾರ

ಮಧ್ಯಾಹ್ನ ಅವ್ವ ಬಂದಳು. ಚಹಾ ಕುಡಿಯುವಾಗ ಮನೆ ಮಾಲಕಿ ಕಾಶೀಬಾಯಿ ಮಾವಶಿ ಬಂದು ಕುಳಿತರು. "ನಾಳಿ ಮಗ್ಗದ ಸಪ್ಪಳ ಇರೂದಿಲ್ರೀ, ಆರಾಮ ಮಲ್ಕೋರಿ. ನಮ್ಮ ವಡಗಾವಿದೂ ವಾರ ಐತಲ್ಲ."

ಅವ್ವ ಚಹಾದ ಬಶಿ ಕೆಳಗಿಟ್ಟಳು.

ಮೂರು ವರ್ಷದಿಂದ ಇಲ್ಲಿದ್ದೇನೆ. ಆಷಾಢದಲ್ಲಿ ಮಗ್ಗ ನಿಂತ ದಿನ ನಿದ್ದೆ ಚೆನ್ನಾಗಿ ಬರುತ್ತದೆ ಅಂತಷ್ಟೇ ಗೊತ್ತಿತ್ತು. ಯಾಕೆ ನಿಲ್ಲುತ್ತವೆ ಅಂತ ಯಾರನ್ನೂ ಕೇಳಿರಲಿಲ್ಲ.

"ಇವರ ದೇವಿಗೂ ನಿನಗೂ ಏನ ಸಂಬಂಧ?" ಅಂದೆ.

"ಯಾರ ಸೀಮ್ಯಾಗ ಮಲಗಿ ಏಳತೀವೋ ಅವರ ಮಾತ ಕೇಳಬೇಕು. ಇವರ ನೀರ ಕುಡಿಯಾಕ ಬರತೈತಿ, ವಾರ ಹಿಡಿಯಾಕ ಬರೂದಿಲ್ಲೇನು?"

ಅತ್ತುಬಿಟ್ಟೆ. ಮಾವಶಿಯ ಮುಂದೆಯೇ. ಎಲ್ಲಾ ಹಾಳಾಯಿತು, ಇನ್ನು ಇವಳು ಏನನ್ನೂ ನೋಡುವುದಿಲ್ಲ ಅಂತ ಅತ್ತೆ. ಅವ್ವ ಮಾವಶಿಯನ್ನು ಕೇಳಿದಳು, "ಸ್ಟೇಷನ್ ಯಾರ ಸೀಮಿರೀ?"

"ಅದು ರೇಲ್ವೇದವರ್ದು. ಅಲ್ಲಿ ಯಾವ ದೇವಿ ವಾರ ಹಿಡೀತಾರ್ರೀ?"

"ಹಂಗಾರ ಏಳ, ರೂಪಾ. ಹೊತ್ತ ಮುಳಗೂದ್ರಾಗ ಹೋಗೂಣು."

ಅದೇ ದಿನ, ಸಂಜೆ. ಸ್ಟೇಷನ್

ಗಾಡಿ ನಾಳೆ ಸಂಜೆ. ಒಂದು ದಿನ ಮೊದಲೇ ಬಂದು ಕೂತ ಪ್ಯಾಸೆಂಜರ್ ನಾವಿಬ್ಬರೇ ಇರಬೇಕು. ಮಾವಶಿ ಕಟ್ಟಿಕೊಟ್ಟ ರೊಟ್ಟಿ, ಝುಣಕ ತಿಂದೆವು. ಹೊರಗೆ ಮಳೆ. ಅವ್ವ ಮದುವೆ ಮನೆಗೆ ಬಂದವಳ ಹಾಗೆ ಕಾಲು ಚಾಚಿ ಕೂತಿದ್ದಾಳೆ. ನನಗೂ ಈಗ ನಗು ಬರುತ್ತಿದೆ.

ಪ್ಲಾನ್ ಓದಿ ಹೇಳಿದೆ. ಮೊದಲು ಕುತುಬ್, ಆಮೇಲೆ... ಅರ್ಧಕ್ಕೇ ತಡೆದಳು.

"ದಿಲ್ಲಿ ಎಲ್ಲಿಗಿ ಓಡಿ ಹೊಕ್ಕೈತಿ. ನೀ ಮೊದಲ ಈ ಟ್ಯೂಬಲೈಟಿನ ಕೆಳಗ ಬಂದ ಕುಂದರ. ಊರಿಗಿ ಬಂದಾಗೆಲ್ಲಾ ಬರೇ ಓಡ್ಯಾಡತಿ. ನಿನ್ನ ಮಾರಿ ಸರಿಯಾಗಿ ನೋಡೇ ಇಲ್ಲ ನಾ."

ಬಂದು ಎದುರಿಗೆ ಕೂತಿದ್ದೇನೆ. ನೋಡುತ್ತಿದ್ದಾಳೆ. ಹಣೆ. ಒಂದು ಹುಬ್ಬು. ಬಹಳ ಹೊತ್ತಾದ ಮೇಲೆ ಇನ್ನೊಂದು. ಅವಸರವೇ ಇಲ್ಲ ಅವಳಿಗೆ. ಅವಳ ಕಣ್ಣಿಗೆ ಕಣ್ಣು ಕೊಡಲು ನನ್ನಿಂದ ಆಗುತ್ತಿಲ್ಲ, ಅದಕ್ಕೇ ಇದನ್ನು ಬರೆಯುತ್ತಾ ಕೂತೆ.

"ಬರಿಯೂದ ಸಾಕು. ನನಗ ಬರೇ ನೆತ್ತಿ ಕಾಣಾಕತ್ತೈತಿ. ಮಾರಿ ಮ್ಯಾಲ ಮಾಡ," ಅನ್ನುತ್ತಿದ್ದಾಳೆ. ಮೂಗಿನತನಕ ಆಯಿತಂತೆ, ಇನ್ನು...