ರಾಚಪ್ಪನ ಪರಸಿಗಲ್ಲು ಮತ್ತು ನಿಮ್ಮ ಹಸಿರು ಕಟ್ಟಡ

ಹಸಿರು ಕಟ್ಟಡಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಪ್ರೌಢಶಾಲೆಯ ಜವಾನ ರಾಚಪ್ಪನಿಗೆ ನೀವು ಕಳಿಸಿದ ನೋಟಿಸನ್ನು ಓದಿದೆ. 'ಪರಿಸರಸ್ನೇಹಿ ಗಾಳಿ ವ್ಯವಸ್ಥೆಗೆ ಉದ್ದೇಶಪೂರ್ವಕ ಹಾನಿ' ಮಾಡಿದ್ದಕ್ಕೆ ಹದಿನೈದು ದಿನದಲ್ಲಿ ಅವನನ್ನು ಕೆಲಸದಿಂದ ತೆಗೆಯುತ್ತೀರಂತೆ. ಅವನು ಮಾಡಿದ ಹಾನಿಯಾದರೂ ಏನು? ಮಳೆ ಬಂದಾಗ ಹೊಸ ಕಟ್ಟಡದ ಛಾವಣಿಯ ಕಿಂಡಿಗೆ ಒಂದು ಪರಸಿಗಲ್ಲು, ಅಂದರೆ ಚಪ್ಪಟೆ ಹಾಸುಗಲ್ಲು, ಮುಚ್ಚಿದ್ದು.

ಸಿಂದಗಿ ಸೀಮೆಯ ಮನೆಗಳ ಚಪ್ಪಟೆ ಮಣ್ಣಿನ ಮಾಳಿಗೆಗಳನ್ನು ನೀವು ಕಾರಿನ ಕಿಟಕಿಯಿಂದಲಾದರೂ ನೋಡಿರಬೇಕು. ಪ್ರತಿ ಮಾಳಿಗೆಗೂ ಒಂದು ಬೆಳಕಿಂಡಿ, ಅದರ ಪಕ್ಕ ಒಂದು ಪರಸಿಗಲ್ಲು. ಮೋಡ ಕವಿದರೆ ಮುಚ್ಚುವುದು, ಮಳೆ ನಿಂತರೆ ಸರಿಸುವುದು. ಒಳಗಿನ ಸೆಕೆ ಮೇಲೆ ಹೋಗಲು, ಬೆಳಕು ಕೆಳಗೆ ಬರಲು ನಮಗೆ ಇಷ್ಟೇ ಸಾಕಾಗಿತ್ತು. ಶಾಲೆಯ ಹೊಸ ಕಟ್ಟಡ ಕಟ್ಟುವಾಗ ಇದನ್ನೇ ನಿಮ್ಮ ತಜ್ಞರು ಬಣ್ಣದ ನಕ್ಷೆಯಲ್ಲಿ ಬಾಣ ಬಿಡಿಸಿ ನಮಗೇ ಪಾಠ ಹೇಳಿದರು. ಆಗ ನಾನು ಮುಖ್ಯೋಪಾಧ್ಯಾಯಿನಿ. ಉದ್ಘಾಟನೆಯ ದಿನ ವಂದನಾರ್ಪಣೆ ಮಾಡಿದವಳೂ ನಾನೇ. ನೆನೆದರೆ ಈಗ ನಾಚಿಕೆಯಾಗುತ್ತದೆ. ಆ ಚೆಂದದ ನಕ್ಷೆಯಲ್ಲಿ ಕಿಂಡಿಗೆ ಮುಚ್ಚಳವೇ ಇರಲಿಲ್ಲ. ಬಹುಶಃ ಮಳೆಗೂ ಒಂದು ಸುತ್ತೋಲೆ ಕಳಿಸುವ ವಿಚಾರವಿತ್ತೇನೋ.

ಮೊದಲ ಮಳೆಗೇ ಮಕ್ಕಳ ಪುಸ್ತಕಗಳು ತೊಯ್ದವು. ರಾಚಪ್ಪ ತನ್ನ ಮನೆಯಿಂದ ಕಲ್ಲು ಹೊತ್ತು ತಂದ. ನಿಮ್ಮವರು ತಪಾಸಣೆಗೆ ಬಂದದ್ದು ಸೆಪ್ಟೆಂಬರಿನ ಒಂದು ಮಳೆಯ ದಿನ. ಕಲ್ಲಿನ ಫೋಟೊ ತೆಗೆದರು.

"ಮಳಿ ನಿಂತ ಮ್ಯಾಲ ತಗೀತೇನ್ರಿ ಸಾಹೇಬ್ರ, ದಿನಾ ತಗೀತೇನಿ" ಎಂದ ರಾಚಪ್ಪ.

"ಅದನ್ನ ಬರದು ಕೊಡು" ಎಂದರು. ಅವನಿಗೆ ಸಹಿಗಿಂತ ಹೆಚ್ಚು ಬರೆಯಲು ಬಾರದು.

ವರದಿಯಲ್ಲಿ 'ಸ್ಥಳೀಯರ ಅಜ್ಞಾನ' ಎಂದು ಬಂತು. ಮರುವಾರ ನಿಮ್ಮ ಗುತ್ತಿಗೆದಾರ ಬಂದು, ಸೋರುವುದಕ್ಕೆ ಶಾಶ್ವತ ಪರಿಹಾರವೆಂದು ಅದೇ ಕಿಂಡಿಗೆ ಕಾಂಕ್ರೀಟು ಸುರಿದ. ಒಂದು ತಾಸು ಮುಚ್ಚಿದವನು ತಪ್ಪಿತಸ್ಥ, ಕಾಯಂ ಮುಚ್ಚಿದವರು ತಜ್ಞರು. ಇದು ಯಾವ ನ್ಯಾಯ?

ಈಗ ಮಾರ್ಚ್. ಪಶ್ಚಿಮದ ಗೋಡೆಗೆ ತೆರೆಯಲು ಬಾರದ ಗಾಜು, ಮೇಲೆ ಕಾಂಕ್ರೀಟು. ಹೋದ ವಾರ ತರನ್ನುಮ ಎಂಬ ಹತ್ತನೇ ತರಗತಿಯ ಹುಡುಗಿ ಪಾಠದ ನಡುವೆಯೇ ತಲೆ ಸುತ್ತಿ ಬಿದ್ದಳು. ಅಂದಿನಿಂದ ಮಧ್ಯಾಹ್ನದ ಪಾಠ ಎಲ್ಲಿ ನಡೆಯುತ್ತಿದೆ ಗೊತ್ತೇ? ರಾಚಪ್ಪನ ಮನೆಯ ಪಡಸಾಲೆಯಲ್ಲಿ, ಅವನ ಬೆಳಕಿಂಡಿಯ ಕೆಳಗೆ. ನಿಮ್ಮ ನೋಟಿಸನ್ನು ನನ್ನಿಂದ ಓದಿಸಿಕೊಂಡು ಅವನು ಹೇಳಿದ್ದಿಷ್ಟೇ: "ಬಿಡ್ರಿ ಅಕ್ಕಾರ, ಹುಡುಗೂರ ಪರೀಕ್ಷಾ ಮುಗೀಲಿ."

ನಿಮ್ಮ ವರದಿಯಲ್ಲಿಲ್ಲದ ಒಂದು ಸಂಗತಿ ಉಳಿದಿದೆ. "ರಾಚಪ್ಪ, ಮೋಡ ಆಗೈತಿ, ಕಿಂಡಿ ಮುಚ್ಚಿ ಬಾ" ಎಂದು ಹೇಳಿದವಳು ನಾನು. ತಪಾಸಣೆಯ ದಿನ ಅವನ ಪಕ್ಕದಲ್ಲೇ ನಿಂತಿದ್ದೆ. ನಿವೃತ್ತಿಗೆ ಎರಡು ತಿಂಗಳಿತ್ತು, ಹೆದರಿ ಬಾಯಿ ಬಿಡಲಿಲ್ಲ. ಅವನೂ ನನ್ನ ಹೆಸರು ಹೇಳಲಿಲ್ಲ.

ಕಾಂಕ್ರೀಟು ಒಡೆಸಿ, ಕಿಂಡಿಗೆ ಮುಚ್ಚಳ ಮಾಡಿಸಿ. ರಾಚಪ್ಪನ ನೋಟಿಸು ಹಿಂಪಡೆಯಿರಿ. ಯಾರಿಗಾದರೂ ಕೊಡಲೇಬೇಕೆಂದಿದ್ದರೆ ನನ್ನ ಹೆಸರಿಗೆ ಬರೆಯಿರಿ; ಪಿಂಚಣಿ ಕಾಗದದಲ್ಲಿ ನನ್ನ ವಿಳಾಸವಿದೆ.

ಇಂತಿ,
ಆರು ತಿಂಗಳು ತಡವಾಗಿ ಬಾಯಿ ಬಿಟ್ಟ
ನಿವೃತ್ತ ಮುಖ್ಯೋಪಾಧ್ಯಾಯಿನಿ ವರದಾ