ನಿನ್ನಪ್ಪನ ಸರ್ಕಲ್

ದಾಂಡೇಲಿ
೧೬ ಜುಲೈ ೨೦೨೫, ಬುಧವಾರ

ಚಿ. ಸಹನಾಗೆ ಅವ್ವನ ಆಶೀರ್ವಾದ.

ಹೋದ ವಾರವೇ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡ. ಬರೆಯಲು ಕುಳಿತಾಗಲೆಲ್ಲ ನಿನ್ನಪ್ಪ ಬಂದು ಎದುರಿಗೆ ಕೂತು "ಯಾರಿಗೆ?" ಎನ್ನುತ್ತಿದ್ದರು. ಫೋನ್ ಮಾಡಬಾರದಿತ್ತೇ ಎಂದು ಕೇಳಬೇಡ. ಕಾರ್ಗಿಲ್ಲಿನಲ್ಲಿ ಅವರ ಎಡಗಿವಿ ಹೋದದ್ದೇ ತಡ, ಈ ಮನೆಗೆ ಬಂದ ಫೋನುಗಳೆಲ್ಲ ಸ್ಪೀಕರಿನಲ್ಲೇ ಮಾತಾಡುವ ವ್ರತ ಹಿಡಿದಿವೆ. ನಾನು ನಿನಗೆ ಹೇಳುವ ಗುಟ್ಟು ಮೊದಲು ಇಲ್ಲಿಯ ಬಂಗೂರನಗರಕ್ಕೆಲ್ಲ ತಲುಪಿ, ಆಮೇಲೆ ನಿನ್ನ ಮುಂಡಗೋಡಕ್ಕೆ ಬರುತ್ತದೆ. ಅದಕ್ಕೇ ಈ ಕಾಗದ. ನಮ್ಮ ಆಟೋ ಕಾಸಿಂಸಾಬನ ಹೆಂಡತಿ ಹಾಜಿರಾಬಿ ನಾಳೆ ತಮ್ಮನ ಮನೆಗೆಂದು ಮುಂಡಗೋಡಕ್ಕೆ ಬರುವವಳಿದ್ದಾಳೆ. ನಿನ್ನ ಆಸ್ಪತ್ರೆಗೇ ಬಂದು ಕೈಗೆ ಕೊಡುತ್ತಾಳೆ. ಅವಳು ಒಡೆದು ಓದುವವಳಲ್ಲ. ಓದಿದರೂ ಅವಳಿಗೆ ಗೊತ್ತಿಲ್ಲದ್ದು ಇದರಲ್ಲಿ ಹೆಚ್ಚೇನೂ ಇಲ್ಲ.

ಇಲ್ಲಿ ಮಳೆ ಹಿಡಿದು ಕೂತಿದೆ. ಒಗೆದ ಸೀರೆಗಳನ್ನು ಅಂಗಡಿಯ ಟಾಯರುಗಳ ಮೇಲೆ ಹರವಿದ್ದೇನೆ. ಗಿರಾಕಿಗಳು ನನ್ನ ಸೀರೆ ಸರಿಸಿ ಟಾಯರು ಆರಿಸುತ್ತಾರೆ. ಕಾಳಿ ಹೊಳೆ ಕೆಂಪಗೆ ಹರಿಯುತ್ತಿದೆ. ಇವೆಲ್ಲ ಕ್ಷೇಮ ಸಮಾಚಾರ. ಇನ್ನು ಉಳಿದದ್ದನ್ನು ಹೇಳುತ್ತೇನೆ.

ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು ನಿನಗೆ ಗೊತ್ತೇ ಇದೆ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಒಂದು ಕಡೆ ಉಬ್ಬಿದೆ, ಬೇಗ ಆಪರೇಷನ್ ಆಗಬೇಕು, ಅದಕ್ಕೆ ಮೊದಲೇ ಒಡೆದರೆ ಕೈಗೆ ಸಿಗುವುದು ಕಷ್ಟ. ಮಾಜಿ ಸೈನಿಕರ ಕಾರ್ಡಿದೆ, ಖರ್ಚಿನ ಚಿಂತೆಯಿಲ್ಲ. ಆ ಡಾಕ್ಟರಿಗೆ ಈ ರೋಗವನ್ನು ಇಷ್ಟು ಚೆನ್ನಾಗಿ ತಿಳಿದುಕೊಂಡ ರೋಗಿ ಇನ್ನೊಬ್ಬ ಸಿಕ್ಕಿರಲಾರ. ಉಬ್ಬಿದ ಟಾಯರಿನ ಗಾಡಿ ಬಂದರೆ ಕೀಲಿಕೈ ಕಸಿದಿಟ್ಟುಕೊಳ್ಳುವ ಮನುಷ್ಯ ನಿನ್ನಪ್ಪ. "ಇದನ್ನ ಹಾಕ್ಕೊಂಡು ಗಣೇಶಗುಡಿ ಘಾಟ ಇಳದ್ರ ಮನಿಗೆ ನಿಮ್ಮ ಫೋಟೋ ಅಷ್ಟ ಹೋಗ್ತೈತಿ ನೋಡ್ರಿ" ಎಂದು ಎಷ್ಟು ಜನರನ್ನು ಹೆದರಿಸಿ ಉಳಿಸಿದ್ದಾರೋ! ಅಂಥವರು ತಮ್ಮ ಹೊಟ್ಟೆಯ ಮಾತು ಬಂದಾಗ ನನಗೇ ಪಾಠ ಹೇಳಿದರು:

"ಉಬ್ಬಿದ್ದಕ್ಕ ಪ್ಯಾಚ್ ಹಚ್ಚಬಾರದು ಶಾಂತಾ. ಗಿರಾಕಿಗೆ ಮೋಸ ಮಾಡಿಧಂಗ."

"ಇಲ್ಲಿ ಗಿರಾಕಿ ಯಾರ್ರಿ?"

"ಯಮ."

ನಾನು ನಕ್ಕೆ. ಹಾಗೆ ನಗುತ್ತಲೇ ಒಂದು ತಿಂಗಳು ಕಳೆಯಿತು ನೋಡು.

ಸುದ್ದಿ ಆಟೋ ಸ್ಟ್ಯಾಂಡಿಗೆ ಮುಟ್ಟಿತು. ಅಲ್ಲಿಯ ಅಧ್ಯಕ್ಷ ಶ್ರೀಮಾನ್ ಕಾಸಿಂಸಾಬರು ಸಭೆ ಕರೆದರು. ಎಲ್ಲರೂ ಕಣ್ಣೊರೆಸಿಕೊಂಡರಂತೆ. ನಮ್ಮ ಅಂಗಡಿಯ ಮುಂದೆ ಮೂರು ದಾರಿ ಕೂಡುವಲ್ಲಿ "ವೀರಯೋಧ ನಾಗಲಿಂಗಪ್ಪ ಸರ್ಕಲ್" ಆಗತಕ್ಕದ್ದೆಂದು ಠರಾವು ಪಾಸಾಯಿತು. ಆಮೇಲೆ ಯಾರಿಗೋ ನೆನಪಾಯಿತು, ಸರ್ಕಲ್ಲಿಗೆ ಬದುಕಿದ್ದವರ ಹೆಸರಿಡುವ ಪದ್ಧತಿಯಿಲ್ಲ ಎಂದು. ಬೇರೆ ಊರಿನವರಾಗಿದ್ದರೆ ಅಲ್ಲಿಗೆ ಚಹಾ ಕುಡಿದು ಎದ್ದುಹೋಗುತ್ತಿದ್ದರು. ನಮ್ಮವರು, ಬೋರ್ಡನ್ನಾದರೂ ಬರೆಸಿಟ್ಟಿರೋಣ, ಗಣಪತಿ ಹಬ್ಬ ಸಮೀಪಿಸಿದರೆ ಪೇಂಟರ್ ಜ್ಯೋತಿಬಾ ಕೈಗೆ ಸಿಗುವುದಿಲ್ಲ ಎಂದು ದೂರಾಲೋಚನೆ ಮಾಡಿದರು. ಪ್ರೀತಿ ಅಂದರೆ ಇದು. ಇದರಿಂದ ದೇವರೇ ಕಾಪಾಡಬೇಕು.

ಬರೆಸಿದ್ದನ್ನು ತಾಡಪತ್ರಿಯಲ್ಲಿ ಸುತ್ತಿ, ಗುಟ್ಟಾಗಿ ಸಾಗಿಸುವಾಗ ಕಾಸಿಂಸಾಬನ ಆಟೋ ಪಂಕ್ಚರ್ ಆಗಬೇಕೇ? ಅದೂ ನಮ್ಮ ಅಂಗಡಿಯ ಹತ್ತಿರ! ಮಲಗಿದ ಗಾಲಿಯ ಆಟೋವನ್ನು ಅವನು ತಳ್ಳಿಕೊಂಡು, ನಮ್ಮ ಕಡೆ ನೋಡದೆ, ಪಂಕ್ಚರ್ ಅಂಗಡಿಯನ್ನೇ ದಾಟಿ ಹೊರಟಿದ್ದ.

"ಏ ಕಾಸಿಂ, ಎಲ್ಲಿಗೆ ನೂಕ್ಕೊಂಡ ಹೊಂಟಿ? ಅಂಗಡಿ ಕಾಣವಲ್ದೇನು?"

"ಇಲ್ಲೇ ಮುಂದ ಸ್ವಲ್ಪ ಕೆಲಸೈತ್ರಿ ಫೌಜಿ."

"ರಿಮ್ಮು ಹಾಳಾಗ್ತೈತಿ. ನಿಲ್ಲಸು. ನಿನ್ನ ಕೆಲಸ ಓಡಿಹೋಗೂದಿಲ್ಲ."

ಜಾಕ್ ಕೊಡಲು ಭಾರ ಇಳಿಸಬೇಕಾಯಿತು. ಇಳಿಸುವಾಗ ತಾಡಪತ್ರಿ ಜಾರಿತು. ನೀಲಿ ಬಣ್ಣ, ಬಿಳಿ ಅಕ್ಷರ, ಪಕ್ಕದಲ್ಲಿ ಬಾವುಟ. ಕೆಳಗೆ "ಜನನ: ೧೯೭೨" ಎಂದಿತ್ತು. ಅದರ ಮುಂದೆ "ಮರಣ" ಎಂದು ಬರೆದು, ಜ್ಯೋತಿಬಾ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದ.

ಕಾಸಿಂಸಾಬ ನೆಲ ನೋಡುತ್ತ ನಿಂತ. ನಿನ್ನಪ್ಪ ಮಾತ್ರ ಕನ್ನಡಕ ಏರಿಸಿ ಪೂರ್ತಿ ಓದಿದರು, ಇನ್ನೊಮ್ಮೆ ಓದಿದರು.

"ಅಕ್ಷರ ಚಲೋ ಬಂದಾವ. ಮಳ್ಯಾಗ ಬಣ್ಣ ಹೋದೀತು, ಒಳಗ ಇಡು."

ಅಂದಿನಿಂದ ಅದು ನಮ್ಮ ಅಂಗಡಿಯಲ್ಲೇ ಇದೆ, ಕಂಪ್ರೆಸರಿನ ಹಿಂದೆ. ಗಾಳಿ ಹಾಕಿಸಲು ಬಂದವರು ಮೊದಲು ಬೋರ್ಡು ಓದುತ್ತಾರೆ, ಆಮೇಲೆ ನಿನ್ನಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಆರಾಮ ಅದೀರೆಲ್ರಿ?" ಎನ್ನುತ್ತಾರೆ. ಒಬ್ಬ ಪುಣ್ಯಾತ್ಮ "ಕಾರ್ಯಕ್ರಮ ಯಾವಾಗರಿ?" ಎಂದ. ನಿನ್ನಪ್ಪ ಸಿಟ್ಟಾಗಲಿಲ್ಲ. ದಿನಾ ಮುಂಜಾನೆ ವಿಭೂತಿ ಹಚ್ಚಿಕೊಂಡು ಬಂದು ಒದ್ದೆ ಅರಿವೆಯಿಂದ ಆ ಬೋರ್ಡು ಒರೆಸುತ್ತಾರೆ. ಆ ಖಾಲಿ ಜಾಗವನ್ನು ಜಾಸ್ತಿ ಒರೆಸುತ್ತಾರೆ.

ಈರೇಶ ಕಾಕಾನ ಸರ್ಕಲ್ ನಿನಗೆ ನೆನಪಿರಬೇಕು, ಹಳಿಯಾಳದಾಚೆ ಅವರ ಊರಿನಲ್ಲಿ. ಇಬ್ಬರೂ ಕಾರ್ಗಿಲ್ಲಿನ ಒಂದೇ ಬಂಕರಿನಲ್ಲಿದ್ದವರು. ಒಬ್ಬರು ನಡೆದು ಬಂದರು, ಒಬ್ಬರು ಪೆಟ್ಟಿಗೆಯಲ್ಲಿ ಬಂದರು. ಪ್ರತಿ ವರ್ಷ ಜುಲೈ ಇಪ್ಪತ್ತಾರಕ್ಕೆ, ಕಾರ್ಗಿಲ್ ಗೆದ್ದ ದಿನ, ನಿನ್ನಪ್ಪ ಅಲ್ಲಿಗೆ ಹೋಗಿ, ಬೋರ್ಡು ತೊಳೆದು ಮಾಲೆ ಹಾಕಿ ಬರುತ್ತಾರೆ. ಜುಲೈ ಬಂತೆಂದರೆ, "ಈರೇಶಗ ಸರ್ಕಲ್ ಬಂತು, ನನಗ ಕಂಪ್ರೆಸರ್ ಬಂತು" ಎಂದು ತಾವೇ ನಗುತ್ತಿದ್ದರು. ಈ ವರ್ಷ ಆ ಮಾತು ಹೇಳುತ್ತಿಲ್ಲ. ಆಪರೇಷನ್ ಯಾವಾಗ ಎಂದರೆ "ಇಪ್ಪತ್ತಾರು ಆಗ್ಲಿ" ಎನ್ನುತ್ತಾರೆ. ಅವರು ಅಂಜಿ ಮುಂದೂಡುತ್ತಿದ್ದಾರೆಂದು ತಿಳಿದಿದ್ದೆ. ಅಲ್ಲ ಮಗಳೆ. ಬೋರ್ಡಿನ ಆ ಖಾಲಿ ಜಾಗ ತುಂಬುವ ದಾರಿ ಕಾಯುತ್ತಿದ್ದಾರೆ.

ಇದು ತಿಳಿದ ದಿನವೇ ಛತ್ರಿ ಹಿಡಿದು ಆಟೋ ಸ್ಟ್ಯಾಂಡಿಗೆ ಹೋದೆ.

"ಕಾಸಿಂಸಾಬ, ಹೆಸರು ಇಡೂದಿದ್ರ ಬದುಕಿದ್ದಾಗನ ಇಡ್ರಿ. ಇಲ್ಲಾಂದ್ರ ಆ ಬೋರ್ಡು ಒಲೀಗೆ ಹಾಕ್ತೇನಿ."

"ಹಂಗ ಬರೂದಿಲ್ರಿ ವೈನಿ. ಬದುಕಿದ್ದವ್ರ ಹೆಸರಿಟ್ಟು, ನಾಳೆ ಅವ್ರು ಎಲೆಕ್ಷನ್‌ಗೆ ನಿಂತ್ರ ಏನ್ ಮಾಡೂದು?"

"ಕಾಳಿ ಊರಾಗ ಬಂದಾಗ ಲಾರಿ ಟ್ಯೂಬಿಗೆ ಗಾಳಿ ತುಂಬಿ, ನಿಮ್ಮ ಅಮ್ಮೀನ ಅದರ ಮ್ಯಾಲೆ ಕುಂಡ್ರಿಸಿ ಎಳಕೊಂಡು ಬಂದವ್ರು ಯಾರು? ಈರೇಶನೋ? ಸತ್ತವ್ರು ಬಂದಿದ್ರೇನು?"

ಅವನು ಉಳಿದವರನ್ನು ಕೂಗಿ ಕರೆದ. ನೆರೆಯ ದಿನ ಇಡೀ ಓಣಿಯನ್ನು ಟ್ಯೂಬಿನ ಮೇಲೆ ಸಾಗಿಸಿದ ನಿನ್ನಪ್ಪ, ಮರುದಿನ "ನಾಕು ಟ್ಯೂಬು ಹರದ್ವು" ಎಂದು ಗೊಣಗಿದ್ದಷ್ಟೇ ನನಗೆ ನೆನಪು. ಅದಕ್ಕೆ ಯಾರೂ ಬೋರ್ಡು ಬರೆಸಲಿಲ್ಲ. ಅವರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಿನ್ನೆ ಮಧ್ಯಾಹ್ನ ಸ್ಟ್ಯಾಂಡಿನವರೆಲ್ಲ ಒದ್ದೆ ಖಾಕಿಯಲ್ಲಿ ಅಂಗಡಿಗೆ ಬಂದು ಸಾಲಾಗಿ ನಿಂತರು. ಕಾಸಿಂಸಾಬ ಗಂಟಲು ಸರಿಮಾಡಿಕೊಂಡ.

"ಫೌಜಿ, ಕಮಿಟಿ ಹೊಸಾ ಠರಾವು ಮಾಡೇತಿ. ಆಪರೇಷನ್ ಮಾಡಿಸ್ಕೊಳ್ಳಲಾರದ ಹೋದ್ರ ಸರ್ಕಲ್ ಕ್ಯಾನ್ಸಲ್. ಬ್ಯಾರೇಯವರ ಹೆಸರು ಹಾಕ್ತೇವಿ."

"ಯಾರ್ದು?"

"ಜ್ಯೋತಿಬಾಂದು. ಅವ ತನ್ನ ಹೆಸರು ತಾನ ಪುಕ್ಕಟ ಬರಕೋತಾನಂತ."

"ಜ್ಯೋತಿಬಾ ಯಾವ ಲಡಾಯಿ ಮಾಡ್ಯಾನಲೇ?"

"ಮನ್ಯಾಗ ದಿನಾ ಮಾಡ್ತಾನ್ರಿ."

ಎಲ್ಲರೂ ನಕ್ಕರು. ನಿನ್ನಪ್ಪ ನಗಲಿಲ್ಲ. ಟ್ಯೂಬನ್ನು ಕಬ್ಬಿಣದ ಬುಟ್ಟಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎದ್ದಲ್ಲಿ ಗುರುತು ಮಾಡಿದರು. ತಲೆ ಎತ್ತದೆ "ಸೋಮವಾರ ಹೋಗೂಣು" ಎಂದರು. ಕಾಸಿಂಸಾಬ ಅಲ್ಲೇ ಟಾಯರಿನ ಮೇಲೆ ಕೂತು ಅತ್ತ. ನನ್ನ ಸೀರೆಯಿಂದಲೇ ಮುಖ ಒರೆಸಿಕೊಂಡ, ಒಣಗಲು ಹರವಿದ್ದ ಸೀರೆಯಿಂದ.

ಹೀಗಾಗಿ ಸೋಮವಾರಕ್ಕೆ ಹುಬ್ಬಳ್ಳಿಯಲ್ಲಿ ಹಾಸಿಗೆ ಗೊತ್ತಾಗಿದೆ. ನೀನು ರಜೆ ಹಾಕಿ ಭಾನುವಾರ ಬಾ. ಆದರೆ ಅದಕ್ಕೂ ಮೊದಲೇ ಬಂದರೆ ಒಳ್ಳೆಯದು. ಮೊನ್ನೆಯಿಂದ ಬೆನ್ನು ನೋವೆನ್ನುತ್ತಿದ್ದಾರೆ. ಲಾರಿ ಟಾಯರು ಎತ್ತಿದ್ದಕ್ಕಂತೆ. ಬಿಸಿ ಎಣ್ಣೆ ತಿಕ್ಕುತ್ತಿದ್ದೇನೆ, ಕಡಿಮೆಯಾಗುತ್ತಿಲ್ಲ, ಈಗ ಸೊಂಟಕ್ಕೂ ಇಳಿದಿದೆ. ಇದಕ್ಕೂ ಆ ಉಬ್ಬಿಗೂ ಸಂಬಂಧವಿಲ್ಲ ತಾನೆ? ನೀನು ನರ್ಸು, ನಿನಗೆ ತಿಳಿಯುತ್ತದೆ. ಬಂದು ನೋಡು.

ಊಟ ಹೊತ್ತಿಗೆ ಸರಿಯಾಗಿ ಮಾಡು. ಉಳವಿ ಚನ್ನಬಸವಣ್ಣ ನಿನ್ನ ಬೆನ್ನಿಗಿರಲಿ, ನಮ್ಮ ಮನೆಯ ಕಡೆಗೂ ಒಮ್ಮೆ ಹೊರಳಿ ನೋಡಲಿ.

ನಿನ್ನ ಅವ್ವ,
ಶಾಂತಾದೇವಿ

ತಾ.ಕ.: ಕಾಗದ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ನಾನು ಹುಬ್ಬಳ್ಳಿಗೆ ಒಯ್ಯುವ ಚೀಲ ತುಂಬುತ್ತಿದ್ದಾಗ ನಿನ್ನಪ್ಪ ಚಹಾ ಕೆಳಗಿಟ್ಟು, "ಶಾಂತಾ, ರಜಾ ಭಾಳ ಉದ್ದ ಆತು. ಅಲ್ಲಿ ಈರೇಶ ಒಬ್ಬನ ಅದಾನ" ಎಂದರು. ಎಂಥಾ ರಜಾ ಎಂದು ಚೇಷ್ಟೆಗೆ ಕೇಳಿದೆ. "ಕಾರ್ಗಿಲ್ಲಿಂದ ಬಂದೆನಲ್ಲ, ಅದು" ಎಂದು ಚಹಾ ಮುಗಿಸಿ ಅಂಗಡಿಗೆ ಹೋದರು. ನನ್ನ ಕೊರಳಿಗೆ ತಾಳಿ ಕಟ್ಟಿದ್ದು ಅಲ್ಲಿಂದ ಬಂದ ಮರುವರ್ಷ. ನೀನು ಹುಟ್ಟಿದ್ದು ಅದರಾಚೆ. ಬಂದಾಗ ಆಪರೇಷನ್ನಿನ ಮಾತು ಬೇಡ. ನೀನು ಹುಟ್ಟಿದ ದಿನ ಅವರು ರಜೆಯ ಮೇಲಿದ್ದರೋ, ಮನೆಗೇ ಬಂದಿದ್ದರೋ, ಅಷ್ಟು ಕೇಳು. ನನಗೆ ಕೇಳುವ ಧೈರ್ಯವಿಲ್ಲ.