ಕೆಂಪು ರೊಟ್ಟಿಯ ದಿನ

ಸಂಶಿ, ಗುರುವಾರ
೧೪ ನವೆಂಬರ್ ೨೦೨೪

ಪ್ರೀತಿಯ ಸುನಿತಾನ ಅಪ್ಪಾರಿಗೆ,

ಸುಧಾರಾಣಿಯ ನಮಸ್ಕಾರಗಳು. 'ಪ್ರೀತಿಯ' ಎಂಬುದನ್ನು ಮೊದಲು ಬರೆದು ಹೊಡೆದುಹಾಕಿದ್ದೆ. ಆಮೇಲೆ ಬೇರೆ ಹಾಳೆ ತೆಗೆದುಕೊಂಡು ಮತ್ತೆ ಬರೆದೆ. ಸಿಟ್ಟಿನಲ್ಲಿದ್ದೇನೆ, ಆದರೆ ಆ ಮಾತು ಸುಳ್ಳಲ್ಲ. ನಿಮ್ಮ ಆರೋಗ್ಯ ಹೇಗಿದೆ? ಕಣ್ಣಿಗೆ ನಿದ್ದೆ ಹತ್ತುತ್ತದೆಯೇ? ಗುಳಿಗೆ ನುಂಗಿದ ಮೇಲೆ ಬಾಯಿ ಒಣಗುತ್ತದೆ ಎಂದಿದ್ದಿರಿ. ತಲೆದೆಸೆಗೆ ಒಂದು ತಂಬಿಗೆ ನೀರು ಇಟ್ಟುಕೊಳ್ಳಿ, ಬಾಯಿ ಒಣಗುತ್ತದೆಂದು ಗುಳಿಗೆಯನ್ನೇ ಬಿಡಬೇಡಿ. ನಿಮ್ಮ ಅಕ್ಕ ನಾಗರತ್ನಕ್ಕನ ಮೊಣಕಾಲು ನೋವು ಹೇಗಿದೆ ಎಂದು ಕೇಳಬೇಕು, ಕೇಳಿದ್ದೇನೆ. ಇಲ್ಲಿ ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನೀವು ಶಲವಡಿಗೆ ಅಕ್ಕನ ಮನೆಗೆ ಹೋದ ಮೇಲೆ ಹಿಟ್ಟಿನ ಗಿರಣಿ ನಾನೇ ನಡೆಸುತ್ತಿದ್ದೇನೆ. ಮೊನ್ನೆ ಮೋಟರಿನ ಪಟ್ಟಿ ಕಳಚಿತ್ತು. ಬಾಜು ಸೈಕಲ್ ಅಂಗಡಿಯ ಅಬ್ದುಲ್‌ಸಾಬರು ಬಂದು ಕೂಡಿಸಿ, "ಪುಂಡಲೀಕಪ್ಪ ಬರೂತನಾ ಇಷ್ಟ ನಡೀತೈತಿ ತಗೋರಿ" ಎಂದರು. ಈಗ ಕರೆಂಟು ಹೋಗಿದೆ, ಅದಕ್ಕೇ ಜೋಳದ ಚೀಲದ ಮೇಲೆ ಕೂತು ಬರೆಯಲು ಪುರಸೊತ್ತು ಸಿಕ್ಕಿದೆ. ಫೋನು ಮಾಡಿದರೆ ನಾಗರತ್ನಕ್ಕ ಎತ್ತಿ "ಮಲಗ್ಯಾನವ್ವಾ, ಆಮ್ಯಾಲ ಮಾಡು" ಎನ್ನುತ್ತಾರೆ. ಶಲವಡಿಯಲ್ಲಿ ಹೊತ್ತು ಮೂಡುವುದೇ ಇಲ್ಲವೋ ಏನೋ.

ಈಗ ಸಿಟ್ಟಿನ ಮಾತಿಗೆ ಬರುತ್ತೇನೆ. ರವಿವಾರ ಮಗಳು ನಿಮ್ಮನ್ನು ನೋಡಲು ಬಂದಿದ್ದಳಲ್ಲ, ತಾನೇ ಕಟ್ಟಿದ ಶೇಂಗಾ ಉಂಡಿ ಡಬ್ಬಿಯಲ್ಲಿ ಹಾಕಿಕೊಂಡು. ಮನೆಗೆ ಬಂದವಳು ಕಾಲು ತೊಳೆಯದೆ ಹಿತ್ತಲಲ್ಲಿ ಹೋಗಿ ಕೂತಳು. ಉಣ್ಣಲಿಲ್ಲ. ಯಾಕೆಂದು ಕೇಳಿ ಕೇಳಿ ನನಗೆ ಸಾಕಾಯಿತು. ಕಡೆಗೆ, "ಅವ್ವಾ, ನಾ ಹುಟ್ಟಿದಾಗ ಅಪ್ಪಗ ಖುಷಿ ಆಗಿದ್ದಿಲ್ಲೇನ?" ಎಂದಳು. ನೀವು ಅವಳ ತಲೆ ಸವರುತ್ತಾ, "ನೀ ಹುಟ್ಟಿದಾಗೂ ನನಗ ಏನೂ ಅನಸಿದ್ದಿಲ್ಲವ್ವಾ, ಸುಳ್ಳ ಯಾಕ ಹೇಳ್ಲಿ" ಎಂದಿರಂತೆ. ಗದರಿ ಅಂದಿದ್ದರೆ ಸಿಟ್ಟಿನಲ್ಲಿ ಅಂದರು ಎಂದು ಅವಳಿಗೆ ಸಮಾಧಾನ ಹೇಳುತ್ತಿದ್ದೆ. ನೀವು ಮೆತ್ತಗೆ, ಪ್ರೀತಿಯಿಂದ ಅಂದಿದ್ದೀರಿ. ಹದಿಮೂರು ವರ್ಷದ ಹುಡುಗಿ ಅದನ್ನು ನಂಬದೆ ಇನ್ನೇನು ಮಾಡಬೇಕು? ನನಗೆ ಏನು ಬೇಕಾದರೂ ಅನ್ನಿ, ನುಂಗಿಕೊಳ್ಳುತ್ತೇನೆ, ಅಭ್ಯಾಸವಾಗಿದೆ. ಅವಳಿಗೆ ಅಂದದ್ದನ್ನು ನಾನು ಈ ಜನ್ಮದಲ್ಲಿ ಸುಮ್ಮನೆ ಬಿಡುವವಳಲ್ಲ.

ಏನೂ ಅನ್ನಿಸಿರಲಿಲ್ಲವೇ? ಹಾಗಿದ್ದರೆ ಆ ದಿನ ಏನಾಯಿತು ಎಂದು ನಾನು ಹೇಳುತ್ತೇನೆ, ಕೇಳಿ. ನಾನು ಕುಂದಗೋಳದ ಆಸ್ಪತ್ರೆಯಲ್ಲಿದ್ದೆ. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ ಎಂಬ ಸುದ್ದಿ ಅಬ್ದುಲ್‌ಸಾಬರ ಫೋನಿಗೆ ಬಂತು. ಅವರು ಅಂಗಡಿಯಿಂದಲೇ ಕೂಗಿ ಹೇಳಿದರು. ಗಿರಣಿಯ ಮುಂದೆ ಹೆಂಗಸರು ಬುಟ್ಟಿ ಇಟ್ಟುಕೊಂಡು ಸಾಲಾಗಿ ಕೂತಿದ್ದರು. "ಎಲ್ಲಾರ್ದೂ ಬೀಸಿ ಕೊಟ್ಟ ಹೊಕ್ಕೇನಿ, ಯಾರೂ ಖಾಲಿ ಕೈಲೆ ಹೋಗೂದ ಬ್ಯಾಡ" ಎಂದು ನೀವು ಎಲ್ಲರ ಜೋಳವನ್ನೂ ಸರಸರನೆ ಹಾಕಿದಿರಿ. ಜೋಳದ ಗಿರಣಿಗಲ್ಲ, ಬಾಜುವಿನ ಖಾರದ ಗಿರಣಿಗೆ. ಅದರಲ್ಲಿ ಆಗ ತಾನೆ ಯಾರದೋ ಬ್ಯಾಡಗಿ ಮೆಣಸಿನಕಾಯಿ ಬೀಸಿದ್ದಿರಿ. ಹಿಟ್ಟು ಕೆಂಪಗೆ ಬೀಳುತ್ತಿದ್ದರೂ ನಿಮಗೆ ಕಾಣಲಿಲ್ಲ, ಬುಟ್ಟಿಗೆ ತುಂಬಿ ತುಂಬಿ ಕೊಟ್ಟಿರಿ. ಹೆಂಗಸರೂ ನಿಮ್ಮ ಸಡಗರ ನೋಡುವುದರಲ್ಲಿ ಹಿಟ್ಟು ನೋಡಲಿಲ್ಲ. ಮೋಟರು ಬಂದ್ ಮಾಡದೆ ಸ್ಕೂಟರ್ ಹತ್ತಿದಿರಿ, ಅದನ್ನು ಅಬ್ದುಲ್‌ಸಾಬರೇ ಆರಿಸಬೇಕಾಯಿತು. ತಲೆ, ಹುಬ್ಬು, ಮೀಸೆಯೆಲ್ಲ ಬೆಳಗಿನಿಂದ ಬೀಸಿದ ಬಿಳಿ ಹಿಟ್ಟು ಮೆತ್ತಿಕೊಂಡು ನೀವು ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ನರ್ಸಬಾಯಿ, "ಕೂಸಿನ ಅಜ್ಜಾರು ಬಂದಾರ ನೋಡ್ರಿ" ಎಂದಳು. ಆ ದಿನ ನಮ್ಮ ಓಣಿಯವರೆಲ್ಲ ಕೆಂಪು ರೊಟ್ಟಿ ತಿಂದು ಕಣ್ಣಲ್ಲಿ ನೀರು ತಂದುಕೊಂಡರು. ಯಾರೂ ಜಗಳಕ್ಕೆ ಬರಲಿಲ್ಲ. ತೊಟ್ಟಿಲ ಕಾರ್ಯದ ದಿನ ಎದುರು ಮನೆಯ ಗೌರಕ್ಕ, "ಈ ಕೂಸಿಗಿ ಖಾರವ್ವ ಅಂತ ಹೆಸರಿಡ್ರಿ" ಎಂದಾಗ ನೀವು ತೊಟ್ಟಿಲ ಹಗ್ಗ ಹಿಡಿದುಕೊಂಡು ನಕ್ಕಿರಿ, ನಿಮ್ಮ ನಗುವಿಗೆ ಮಲಗಿದ್ದ ಕೂಸು ಎದ್ದು ಅಳತೊಡಗಿತು. ಗೌರಕ್ಕ ಇವತ್ತಿಗೂ ಅವಳನ್ನು ಖಾರವ್ವ ಎಂದೇ ಕರೆಯುತ್ತಾಳೆ. ಸುನಿತಾ ತನ್ನ ಬಾಯಿ ಜೋರೆಂದು ಹಾಗೆ ಕರೆಯುತ್ತಾರೆ ಎಂದುಕೊಂಡಿದ್ದಳು. ಇದನ್ನು ಇಡೀ ಓಣಿ ಬಲ್ಲದು. ಅರಿಯದವರು ನೀವೊಬ್ಬರೇ.

ನೀವು ಸುಳ್ಳು ಹೇಳುತ್ತಿಲ್ಲ ಎಂಬುದು ನನಗೆ ಗೊತ್ತು. ಧಾರವಾಡದ ಮನಸ್ಸಿನ ಬ್ಯಾನಿಯ ಡಾಕ್ಟರು ನನ್ನನ್ನು ಬೇರೆ ಕೂಡಿಸಿಕೊಂಡು ಹೇಳಿದ್ದರು: "ಈ ಬ್ಯಾನಿಯೊಳಗ ಹಿಂದಿನ ಛಲೋ ದಿನಾ ನೆನಪಿಗೆ ಬರೂದಿಲ್ರಿ, ಬಂದ್ರೂ ಕರೀಗೇ ಕಾಣ್ತಾವ. ಅವರ ಜೋಡಿ ವಾದಾ ಮಾಡಬ್ಯಾಡ್ರಿ." ಅದು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಹೆಚ್ಚಾಯಿತು. ಸುಳ್ಳು ಹೇಳಿದವರನ್ನು ಬಯ್ಯಬಹುದು. ನಿಮ್ಮನ್ನು ಬಯ್ದರೆ ಬ್ಯಾನಿಯವರನ್ನು ಬಯ್ದ ಪಾಪ, ಬಿಟ್ಟರೆ ನನ್ನ ಎದೆ ಉರಿಯುತ್ತದೆ. ಹೋದ ಸಲ ಏನು ಮಾಡಿದಿರಿ, ಅದನ್ನಾದರೂ ನೆನೆಸಿಕೊಳ್ಳಿ. ಕೊರೊನಾ ಕಳೆದ ಮರುವರ್ಷ ಇದೇ ಬ್ಯಾನಿ ಬಂದಿತ್ತು. ಗಿರಣಿ ಬಾಗಿಲು ಹಾಕಿಕೊಂಡು ಒಳಗೆ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಿರಿ. ಹುಳ ಸಾಯಲೆಂದು ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಯನ್ನೆಲ್ಲ ನಾನು ಹೆದರಿ ಅಬ್ದುಲ್‌ಸಾಬರ ಮನೆಯಲ್ಲಿ ಇಡಿಸಿದ್ದೆ. ಗುಳಿಗೆ ನಾಟಿತು, ಎದ್ದಿರಿ, ನಕ್ಕಿರಿ, ಗಿರಣಿಗೆ ಹೊಸ ಬಣ್ಣ ಹಚ್ಚಿಸಿದಿರಿ. ಎದ್ದ ಮೇಲೆ ಏನೆಂದಿರಿ? "ನನಗೇನಾಗಿತ್ತಲೇ, ಸುಮ್ನ ಒಂದೀಟು ದಣಿದಿದ್ದೆ. ನೀನ ದೊಡ್ಡದು ಮಾಡಿದಿ." ಹೀಗೆಂದು ಗುಳಿಗೆ ಬಿಟ್ಟಿರಿ. ಬಿಡಬೇಡಿ ಎಂದು ನಾನು ಹೇಳಿದ್ದಕ್ಕೆ ಹೆಂಗಸರಿಗೆ ಹೆದರಿಕೆ ಜಾಸ್ತಿ ಎಂದಿರಿ. ಹುಷಾರಾದಾಗ ಬ್ಯಾನಿ ಇತ್ತೆಂಬುದನ್ನು ಮರೆತಿರಿ, ಈಗ ಬ್ಯಾನಿ ಬಂದಿದೆ, ಹುಷಾರಿದ್ದದ್ದನ್ನೇ ಮರೆತಿದ್ದೀರಿ. ಎರಡನ್ನೂ ನೆನಪಿಟ್ಟುಕೊಂಡು ಮನೆಯಲ್ಲಿ ಕೂತವಳು ನಾನೊಬ್ಬಳು. ನನಗೂ ಭಾರವಾಗುತ್ತದೆ ಎಂದು ನಿಮಗೆ ಎಂದಾದರೂ ಅನ್ನಿಸಿದೆಯೇ?

ಈಗ ಸೋಮವಾರ ನಾಗರತ್ನಕ್ಕನ ಪಡಸಾಲೆಯಲ್ಲಿ ಹಿರಿಯರು ಕೂಡುತ್ತಾರಂತೆ, ನಮ್ಮಿಬ್ಬರನ್ನೂ ಬೇರೆ ಮಾಡಲು. "ಮದವಿ ಆದಾಗಿಂದ ಒಂದ ದಿನಾನೂ ಸುಖಾ ಇಲ್ಲ. ಅಕೀನೂ ಕಂಡಿಲ್ಲ, ಅಕೀಗೂ ಬಿಡುಗಡಿ ಮಾಡ್ರಿ" ಎಂದಿರಂತೆ. ನಾಗರತ್ನಕ್ಕ ತಮ್ಮನ ಸಂಕಟ ನೋಡಲಾರದೆ ಆ ಮಾತನ್ನೇ ಗಟ್ಟಿ ಹಿಡಿದಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಇದ್ದರೂ ಸ್ವಲ್ಪ. ಆದರೆ ನಾನು ಸುಖ ಕಂಡಿಲ್ಲ ಎಂದು ನಿಮಗೆ ಹೇಳಿದವರು ಯಾರು? ನಾನು ಹೇಳಿದೆನೇ? ಹೊಲದ ಪಹಣಿ ಉತಾರದಲ್ಲಿ ಇಬ್ಬರ ಹೆಸರಿದ್ದರೆ ಒಬ್ಬರೇ ಮಾರಲು ಬರುವುದಿಲ್ಲ. ಆ ದಿನಗಳಲ್ಲಿ ಅರ್ಧ ನನ್ನವು. ನಿಮ್ಮ ಪಾಲು ಕಾಣುತ್ತಿಲ್ಲವೆಂದು ನನ್ನ ಪಾಲನ್ನೂ ಇಲ್ಲವೆನ್ನಲು ನೀವು ಯಾರು? ಮುಂಗಾರು ಬಂದ ಸಂಜೆ ಗಿರಣಿ ಬಂದ್ ಮಾಡಿ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು, "ಮೊದಲ ಇದನ್ನ ತಿನ್ನು, ಆಮ್ಯಾಲ ಬೈ" ಎಂದವರು ನೀವೇ. ತಿಂದವಳು ನಾನು. ಅದರ ರುಚಿ ನನಗೆ ಗೊತ್ತು, ಯಾವ ಹಿರಿಯರೂ ಅದನ್ನು ನನ್ನಿಂದ ಬಿಡಿಸಲಾರರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನೀವು ಉಣ್ಣುತ್ತಲೂ ಇಲ್ಲ, ಮಲಗುತ್ತಲೂ ಇಲ್ಲ, ಜಗಳ ಮುಗಿಯುವುದಾದರೂ ಹೇಗೆ? ನಾನು ಸೋಮವಾರ ಬರುತ್ತೇನೆ. ಹಿರಿಯರ ಮುಂದೆ ಒಂದೇ ಮಾತು ಹೇಳುತ್ತೇನೆ: ಇವರು ಹುಷಾರಾಗಲಿ, ಹೊಟ್ಟೆ ತುಂಬ ಉಣ್ಣಲಿ, ಗಿರಣಿಗೆ ಬಂದು ಕೂಡಲಿ. ಆಗಲೂ ನನ್ನ ಮುಖ ನೋಡಿ ಬೇಡ ಎಂದರೆ ನಾನೇ ಟ್ರಂಕು ಕಟ್ಟುತ್ತೇನೆ. ಈಗ ಅಂದದ್ದಕ್ಕೆ ನಾನು ಹೂಂ ಅನ್ನುವುದಿಲ್ಲ.

ಕರೆಂಟು ಬಂತು, ಹೊರಗೆ ಅಜೀಜಾಬಿ ಗೋಧಿ ತಂದು ಕೂಗುತ್ತಿದ್ದಾಳೆ. ನಾಗರತ್ನಕ್ಕನಿಗೆ ನನ್ನ ಶರಣು ತಿಳಿಸಿ. ಚಳಿ ಬೀಳುತ್ತಿದೆ, ಕಂಬಳಿ ಕಾಲಿಗೂ ಬರುವಂತೆ ಹೊದ್ದುಕೊಳ್ಳಿ. ನಿಮಗೆ ನೆನಪಿರಲಿ ಬಿಡಲಿ, ಮೈಲಾರಲಿಂಗನಿಗೆ ನಮ್ಮ ಮನೆಯ ನೆನಪಿರಲಿ.

ಸಿಟ್ಟಿನಲ್ಲಿಯೂ ನಿಮ್ಮವಳಾದ
ಸುಧಾರಾಣಿ

ತಾ.ಕ.: ಅಬ್ದುಲ್‌ಸಾಬರ ಮಗ ಸಾಧಿಕ್ ಅಣ್ಣಿಗೇರಿಗೆ ಗಾಡಿ ಒಯ್ಯುತ್ತಿದ್ದಾನೆ, ಅಲ್ಲಿಂದ ಶಲವಡಿಗೂ ಬರುತ್ತಾನೆ, ಬುತ್ತಿಯನ್ನೂ ಈ ಪತ್ರವನ್ನೂ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಆಗಲೇ ಹಾರ್ನು ಹೊಡೆಯುತ್ತಿದ್ದಾನೆ. ಬುತ್ತಿಯಲ್ಲಿ ಮೇಲಿನ ರೊಟ್ಟಿ ಬಿಳಿ, ಕೆಳಗಿನವು ಕೆಂಪು. ಗೌರಕ್ಕನಿಂದ ಕಥೆ ಕೇಳಿದ ಮೇಲೆ ಸುನಿತಾ ನನಗೆ ಹೇಳದೆ ತಾನೇ ಜೋಳ ಒಯ್ದು ಖಾರದ ಗಿರಣಿಗೆ ಹಾಕಿ, ತಾನೇ ಬಡಿದಿದ್ದಾಳೆ. ಒಂದು ತುಣುಕಾದರೂ ತಿನ್ನಿ. ಸೋಮವಾರ ಅವಳೂ ನನ್ನ ಜೊತೆ ಬರುತ್ತಾಳೆ. ಖುಷಿಯಾಗಿತ್ತು ಎಂದು ಅವಳಿಗೆ ಸುಳ್ಳು ಹೇಳಬೇಡಿ, ನಿಮ್ಮಿಂದ ಅದು ಆಗುವುದಿಲ್ಲ. ಆದರೆ ಆಗಿರಲಿಲ್ಲ ಎಂದು ಮತ್ತೆ ಅನ್ನಬೇಡಿ. "ನನಗ ನೆನಪಿಲ್ಲವ್ವಾ" ಎನ್ನಿ, ಅಷ್ಟೇ ಸಾಕು. ಅದು ನಿಜ. ಉಳಿದದ್ದನ್ನು ಓಣಿಯವರು ಅವಳಿಗೆ ಹೇಳುತ್ತಾರೆ.